ಕೆಂಪಳಿಲಿಗೆ ಮೂರು ವರ್ಷದ ಅನುದಾನ ಸಾಲದು: ಬ್ರಿಟನ್ನಿನ ಪರಿಸರ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ಇದರ ಇಂಗ್ಲಿಷ್ ಪ್ರತಿಯನ್ನು ನಿಮ್ಮ ಕಚೇರಿಗೆ ಅಂಚೆಯಲ್ಲಿ ಕಳಿಸಿದ್ದೇನೆ. ಕನ್ನಡದಲ್ಲೂ ಬರೆಯುತ್ತಿರುವುದು ಇಲ್ಲಿ ನೆಲೆಸಿರುವ ನಮ್ಮವರೂ ಓದಲಿ ಅಂತ. ಅವರಲ್ಲಿ ಹೆಚ್ಚಿನವರಿಗೆ ಅಳಿಲು ಅಂದರೆ ಪಾರ್ಕಿನಲ್ಲಿ ಕೈಗೇ ಬಂದು ಕಡಲೆಕಾಯಿ ತಿನ್ನುವ ಬೂದು ಅಳಿಲು. ಅದು ಈ ನಾಡಿನದಲ್ಲ ಅಂದರೆ ನಂಬುವುದೇ ಇಲ್ಲ. ಈ ನಾಡಿನ ಅಳಿಲು ಕೆಂಪು ಬಣ್ಣದ್ದು. ಚಳಿಗಾಲ ಬಂತೆಂದರೆ ಕಿವಿಯ ತುದಿಯಲ್ಲಿ ಉದ್ದ ಕೂದಲು ಬೆಳೆಸಿಕೊಂಡು ಓಡಾಡುತ್ತದೆ. ನಾನಿರುವುದು ಇಂಗ್ಲೆಂಡಿನ ಉತ್ತರದ ನಾರ್ಥಂಬರ್‌ಲ್ಯಾಂಡಿನಲ್ಲಿ, ಹೆಕ್ಸಮ್ ಹತ್ತಿರ, ಹಾಗಾಗಿ ನೋಡುವ ಭಾಗ್ಯ ಇದೆ. ಅದನ್ನು ಉಳಿಸಲು ಬೂದು ಅಳಿಲು ಹಿಡಿಯುವ ಸ್ವಯಂಸೇವಕರಲ್ಲಿ ನಾನೂ ಒಬ್ಬ. ಇಂಗ್ಲೆಂಡಿನ ದಕ್ಷಿಣದಲ್ಲಿ ಅದನ್ನು ನೋಡಬೇಕೆಂದರೆ ವೈಟ್ ದ್ವೀಪಕ್ಕೋ ಬ್ರೌನ್‌ಸೀ ದ್ವೀಪಕ್ಕೋ ದೋಣಿ ಹತ್ತಬೇಕು.

ಕಥೆ ನಿಮಗೆ ಗೊತ್ತಿರುವುದೇ. 1876ರಲ್ಲಿ ಚೆಶೈರಿನ ಹೆನ್‌ಬರಿ ಪಾರ್ಕಿನಲ್ಲಿ ಅಮೆರಿಕದ ಬೂದು ಅಳಿಲನ್ನು ತಂದು ಬಿಟ್ಟರು. ಆಮೇಲೆ ಬೇರೆ ಶ್ರೀಮಂತರೂ ತಮ್ಮ ಎಸ್ಟೇಟುಗಳಿಗೆ ಅಂದಕ್ಕೆಂದು ತರಿಸಿದರು. ಅದೇ ಶತಮಾನದಲ್ಲಿ ನಿಮ್ಮವರು ಹೂವಿನ ಚೆಂದಕ್ಕೆ ಭಾರತಕ್ಕೆ ತಂದ ಲಂಟಾನಾ ಈಗ ನಮ್ಮ ಬಂಡೀಪುರದ ಕಾಡಿನ ಎಷ್ಟೋ ಭಾಗವನ್ನು ನುಂಗಿದೆ. ಈ ಕಷ್ಟ ಕನ್ನಡಿಗರಿಗೆ ಬೇಗ ಅರ್ಥವಾಗುತ್ತದೆ. (ಹೊರಗಿಂದ ಬಂದವನೇ ಹೊರಗಿಂದ ಬಂದ ಅಳಿಲನ್ನು ಹಿಡಿಯೋದಾ ಅಂತ ಗೆಳೆಯರು ಕಾಲೆಳೆಯುವುದೂ ಉಂಟು.)

ಇವತ್ತು ಬ್ರಿಟನ್ನಿನಲ್ಲಿ ಬೂದು ಅಳಿಲು ಅಂದಾಜು 27 ಲಕ್ಷ. ಕೆಂಪಳಿಲು ಮೂರು ಲಕ್ಷಕ್ಕೂ ಕಡಿಮೆ, ಅದರಲ್ಲೂ ಹೆಚ್ಚಿನವು ಸ್ಕಾಟ್‌ಲ್ಯಾಂಡಿನಲ್ಲಿ. ಇಂಗ್ಲೆಂಡಿಗೆ ಉಳಿದದ್ದು ನಲವತ್ತು ಸಾವಿರದೊಳಗೆ. ಎರಡೂ ಕಚ್ಚಾಡುವುದು ತೀರಾ ಅಪರೂಪ, ಕೆಂಪಳಿಲು ಸೋಲುವುದು ಬೇರೆ ಕಾರಣಕ್ಕೆ. ಬೂದು ಅಳಿಲು ಮೈಯಲ್ಲಿ ಕೆಂಪಳಿಲಿನ ಹೆಚ್ಚುಕಡಿಮೆ ಎರಡರಷ್ಟು. ಓಕ್ ಕಾಯಿಯ ಒಗರು ಅದಕ್ಕೆ ಜೀರ್ಣವಾಗುತ್ತದೆ, ಕೆಂಪಳಿಲಿಗೆ ಅಷ್ಟಾಗಿ ಆಗುವುದಿಲ್ಲ. ಇದರ ಮೇಲೆ ಅಳಿಲು ಸಿಡುಬು ಬೇರೆ. ವೈರಸ್ ಹೊತ್ತು ತಿರುಗುವ ಬೂದು ಅಳಿಲಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಕೆಂಪಳಿಲಿಗೆ ತಗುಲಿದರೆ ಕಣ್ಣು, ಬಾಯಿ, ಬೆರಳುಗಳ ಸುತ್ತ ಹುಣ್ಣಾಗಿ, ಕಣ್ಣು ಅಂಟಿಕೊಂಡು, ತಿನ್ನಲಾಗದೆ ಎರಡು ವಾರದೊಳಗೆ ಸಾಯುವುದೇ ಜಾಸ್ತಿ. 2008ರಲ್ಲಿ ಲಿವರ್‌ಪೂಲ್ ಉತ್ತರದ ಫಾರ್ಂಬಿ ಕರಾವಳಿಗೆ ಸಿಡುಬು ಬಂದಾಗ ಅಲ್ಲಿನ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಕೆಂಪಳಿಲು ಸತ್ತವು. ಕಾಡಿನಲ್ಲಿ ಕೊಡಬಹುದಾದ ಲಸಿಕೆ ಇನ್ನೂ ಬಂದಿಲ್ಲ.

ಹಾಗಾಗಿ ಸದ್ಯಕ್ಕೆ ಇರುವ ದಾರಿ ಬೂದು ಅಳಿಲನ್ನು ದೂರ ಇಡುವುದೊಂದೇ. ಆ ಕೆಲಸ ಹೇಗಿರುತ್ತದೆ ಅಂತ ಕೇಳಿ. ತಿನಿಸಿನ ಪೆಟ್ಟಿಗೆಯ ಮುಚ್ಚಳದ ಕೆಳಗೆ ಅಂಟು ಪಟ್ಟಿ ಹಚ್ಚುತ್ತೇವೆ. ತಲೆ ತೂರಿಸಿದ ಅಳಿಲಿನ ಒಂದೆರಡು ಕೂದಲು ಅದಕ್ಕೆ ಅಂಟುತ್ತವೆ. ಮನೆಗೆ ತಂದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬಂದದ್ದು ಕೆಂಪೋ ಬೂದೋ ಗೊತ್ತಾಗುತ್ತದೆ. ಬೂದು ಬಂದಿದ್ದರೆ ಮೆಕ್ಕೆಜೋಳ, ಸೂರ್ಯಕಾಂತಿ ಬೀಜ ಹಾಕಿ ತಂತಿಯ ಬೋನು ಇಡಬೇಕು. ಮಳೆ ಬರಲಿ, ಹಿಮ ಬೀಳಲಿ, ದಿನಾ ಹೋಗಿ ನೋಡಲೇಬೇಕು. ಕೆಂಪಳಿಲು ಸಿಕ್ಕಿದ್ದರೆ ಅಲ್ಲೇ ಬಾಗಿಲು ತೆಗೆದು ಬಿಡಬೇಕು. ಆಮೇಲೆ ಬೋನು ತೊಳೆದು ಸೋಂಕುನಿವಾರಕ ಹಾಕಬೇಕು, ಇಲ್ಲದಿದ್ದರೆ ರೋಗ ಹರಡುವವರು ನಾವೇ ಆಗುತ್ತೇವೆ.

ಬೂದು ಸಿಕ್ಕರೆ? ಹಿಡಿದು ದೂರ ಬಿಟ್ಟರಾಯ್ತಲ್ವಾ ಅಂತ ನಮ್ಮವರು ಪ್ರತಿ ಸಲ ಕೇಳುತ್ತಾರೆ. ಬಿಡುವಂತಿಲ್ಲ, ಕಾನೂನು ಒಪ್ಪುವುದಿಲ್ಲ. ನೋವಾಗದ ಹಾಗೆ ಕೊಲ್ಲಬೇಕು. ಇರುವೆಗೂ ಸಕ್ಕರೆ ಹಾಕುವ ಮನೆಯಲ್ಲಿ ಬೆಳೆದವನಿಗೆ ಇದು ಸುಲಭ ಅಲ್ಲ. ಕೊಲ್ಲುವ ಭಾಗ ನಾನು ಮಾಡುವುದಿಲ್ಲ, ತರಬೇತಾದವರು ಮಾಡುತ್ತಾರೆ. ಆದರೆ ಬೋನು ಇಡುವವನು ನಾನೇ ಆದ್ದರಿಂದ ಕೈ ತೊಳೆದುಕೊಳ್ಳಲು ಬರುವುದಿಲ್ಲ.

ಇಷ್ಟು ಕಷ್ಟದ ಕೆಲಸ ಮಾಡಿಸಿಕೊಂಡು ಅರ್ಧಕ್ಕೇ ನಿಲ್ಲಿಸಿದರೆ ಅದಕ್ಕಿಂತ ಅನ್ಯಾಯ ಇನ್ನೊಂದಿಲ್ಲ. ಸಚಿವರೇ, ನನ್ನ ದೂರು ಇದೇ. ನಮ್ಮ ಪಕ್ಕದ ಒಂದು ಕಣಿವೆಯಲ್ಲಿ ಈ ಕೆಲಸದ ಮೂರು ವರ್ಷದ ಅನುದಾನ ಮುಗಿದ ಕೂಡಲೇ ಸಂಬಳದ ಕೆಲಸಗಾರನ ಹುದ್ದೆಯೂ ಹೋಯಿತು. ಮುಂದಿನ ಅರ್ಜಿ, ಮುಂದಿನ ಸಮಿತಿ, ಮುಂದಿನ ಸಹಿ ಅಂತ ಬೇಸಿಗೆ ಕಳೆಯಿತು. ಬೂದು ಅಳಿಲು ವರ್ಷಕ್ಕೆ ಎರಡು ಸಲ ಮರಿ ಹಾಕುತ್ತದೆ, ಸಮಿತಿ ಸೇರುವವರೆಗೆ ಕಾಯುವುದಿಲ್ಲ. ಬೋನುಗಳೆಲ್ಲ ಶೆಡ್ಡಿನಲ್ಲಿ ಬಿದ್ದಿದ್ದವು, ಕಣಿವೆಯಲ್ಲಿ ಬೂದು ಅಳಿಲುಗಳು ಮತ್ತೆ ಕಂಡವು. ಹಿಂದಿನ ಮೂರು ವರ್ಷದ ದುಡ್ಡೂ, ಕೊಂದ ಪ್ರಾಣಿಗಳ ಜೀವವೂ ನೀರಿನಲ್ಲಿ ಹೋಮ ಆದ ಹಾಗಾಯಿತು.

ಬಿಡದೆ ಮಾಡಿದರೆ ಏನಾಗುತ್ತದೆ ಅನ್ನುವುದಕ್ಕೆ ವೇಲ್ಸಿನ ಆಂಗಲ್‌ಸೀ ದ್ವೀಪ ಇದೆ. 1998ರಲ್ಲಿ ಕೆಲಸ ಶುರುವಾದಾಗ ಅಲ್ಲಿ ಉಳಿದಿದ್ದ ಕೆಂಪಳಿಲು ನಲವತ್ತರ ಆಸುಪಾಸು. 2015ರ ಹೊತ್ತಿಗೆ ದ್ವೀಪದಲ್ಲಿ ಬೂದು ಅಳಿಲು ಇಲ್ಲ ಅಂತ ಘೋಷಿಸಿದರು. ಆಮೇಲೆ ಕೆಂಪಳಿಲು ಕೆಲವು ನೂರಕ್ಕೆ ಏರಿದೆ. ಅದು ದ್ವೀಪ, ಸುತ್ತ ನೀರಿದೆ, ನಿಜ. ಆದರೂ ದ್ವೀಪಕ್ಕೂ ವೇಲ್ಸಿನ ನೆಲಕ್ಕೂ ನಡುವಿನ ಮೆನಾಯ್ ಜಲಸಂಧಿಗೆ ಸೇತುವೆಗಳಿವೆ, ಅದಕ್ಕೇ ಆಚೆ ದಡದ ಕಾಡಿನಲ್ಲೂ ಕೆಲಸ ನಡೆಸಬೇಕಾಗಿದೆ. ಹದಿನೇಳು ವರ್ಷ ಹಿಡಿದ ಕೆಲಸವನ್ನು ನಾರ್ಥಂಬರ್‌ಲ್ಯಾಂಡ್, ಕಂಬ್ರಿಯಾದವರು ಮೂರು ವರ್ಷದ ತುಂಡುಗಳಲ್ಲಿ ಮಾಡಿ ಅಂದರೆ ಹೇಗೆ? ಸ್ವಯಂಸೇವಕರದು ಅಳಿಲು ಸೇವೆ, ಒಪ್ಪಿಕೊಂಡೇ ಬಂದಿದ್ದೇವೆ. ಸರ್ಕಾರದ್ದೂ ಅಳಿಲು ಸೇವೆಯೇ ಆಗಬಾರದು.

ಗಿಡ ನೆಡುವ ವಿಷಯ ಇನ್ನೊಂದು. ಹೊಸ ಕಾಡಿಗೆ ನಿಮ್ಮ ಇಲಾಖೆ ಸಹಾಯಧನ ಕೊಡುತ್ತಿದೆ, ಸಂತೋಷ. ಆದರೆ ನಮ್ಮ ನಾರ್ಥಂಬರ್‌ಲ್ಯಾಂಡಿನ ಕೀಲ್ಡರ್ ಕಾಡು ಇಂಗ್ಲೆಂಡಿನ ಕೆಂಪಳಿಲಿನ ದೊಡ್ಡ ಕೋಟೆ ಆಗಿರುವುದೇ ಅಲ್ಲಿನ ಸಿಟ್ಕಾ ಸ್ಪ್ರೂಸ್ ಎಂಬ ಸೂಜಿ ಎಲೆಯ ಮರಗಳಿಂದ. ಅವುಗಳ ಪುಟ್ಟ ಬೀಜ ಬೂದು ಅಳಿಲಿನ ಹೊಟ್ಟೆಗೆ ಸಾಲದು. ಅಂಥ ಕಾಡಿನ ಅಂಚಿನಲ್ಲೇ ದೊಡ್ಡ ಬೀಜ ಬಿಡುವ ಓಕ್, ಬೀಚ್, ಹೇಜಲ್ ಸಾಲಾಗಿ ನೆಟ್ಟರೆ ಬೂದು ಅಳಿಲಿಗೆ ರಾಜಮಾರ್ಗ ಮಾಡಿಕೊಟ್ಟಂತೆ. ಅಲ್ಲಿ ಸ್ಕಾಟ್ಸ್ ಪೈನ್, ಬರ್ಚ್, ರೋವನ್, ವಿಲೋ ನೆಡಿ. ಓಕ್ ಬೇರೆ ಕಡೆ ನೆಡಿ, ಯಾರೂ ಬೇಡ ಅನ್ನುವುದಿಲ್ಲ. ಸಹಾಯಧನದ ಅರ್ಜಿಗೆ ಸಹಿ ಹಾಕುವ ಮುಂಚೆ ಹತ್ತಿರ ಕೆಂಪಳಿಲು ಇದೆಯಾ ಅಂತ ನಕ್ಷೆ ತೆಗೆದು ನೋಡಿದರೆ ಸಾಕು.

ಪೈನ್ ಮಾರ್ಟೆನ್ ಮತ್ತೆ ಬರುತ್ತಿದೆ, ಅದೇ ಎಲ್ಲ ನೋಡಿಕೊಳ್ಳುತ್ತದೆ ಅನ್ನುವ ಮಾತು ಜೋರಾಗಿದೆ. ಕೊಡಗಿನ ಕಡೆಯವರಿಗೆ ನೀಲಗಿರಿ ಮಾರ್ಟೆನ್ ಗೊತ್ತಿರಬಹುದು, ಅದರ ದಾಯಾದಿ ಇದು. ಬೆಕ್ಕಿನ ಗಾತ್ರದ, ಮರ ಹತ್ತುವ ಬೇಟೆಗಾರ. ಐರ್ಲೆಂಡ್ ಮತ್ತು ಸ್ಕಾಟ್‌ಲ್ಯಾಂಡಿನಲ್ಲಿ ಅದು ಹೆಚ್ಚಿದ ಕಡೆ ಬೂದು ಅಳಿಲು ಕಡಿಮೆಯಾಗಿ ಕೆಂಪಳಿಲು ಮರಳಿರುವುದು ನಿಜ. ಆದರೆ ಮಾರ್ಟೆನ್ ಊರೊಳಗೆ ಬಂದು ಇರುವ ಪ್ರಾಣಿ ಅಲ್ಲ. ಪೇಟೆಯ ಪಾರ್ಕು, ಹಿತ್ತಲುಗಳಲ್ಲಿ ಬೂದು ಅಳಿಲು ಆರಾಮಾಗಿ ಇರುತ್ತದೆ, ಅಲ್ಲಿಂದಲೇ ಮತ್ತೆ ಕಾಡಿಗೆ ಬರುತ್ತದೆ. ಬೂದು ಅಳಿಲಿಗೆ ತಿನಿಸಿನಲ್ಲಿ ಗರ್ಭನಿರೋಧಕ ಕೊಡುವ ಸಂಶೋಧನೆಯೂ ನಡೆದಿದೆ. ಅದು ಕೈಗೆ ಬಂದರೆ ಬೋನು ಎತ್ತಿಡುವವರಲ್ಲಿ ನಾನೇ ಮೊದಲಿಗ. ಬರುವ ತನಕ ಅದನ್ನು ತೋರಿಸಿ ದುಡ್ಡು ಕಡಿತ ಮಾಡಬೇಡಿ.

ನಾನು ಕೇಳುವುದು ಹತ್ತು ವರ್ಷಕ್ಕೆ ಖಾತ್ರಿಯಾದ ಹಣ, ಅದರಲ್ಲಿ ಮೊದಲು ಸಂಬಳದ ಹುದ್ದೆಗಳು. ಬೋನು, ಕ್ಯಾಮೆರಾ ನಾವು ಚಂದಾ ಎತ್ತಿ ತರುತ್ತೇವೆ. ದಿನಾ ಕಾಡಿಗೆ ಹೋಗುವವರನ್ನು ಚಂದಾದಲ್ಲಿ ಸಾಕಲು ಆಗುವುದಿಲ್ಲ. ಉತ್ತರ ಬರೆಯುವಾಗ ದಯವಿಟ್ಟು ಜೀವವೈವಿಧ್ಯದ ಬಗ್ಗೆ ನಿಮಗಿರುವ ಕಾಳಜಿಯ ಪ್ಯಾರಾ ಬಿಟ್ಟುಬಿಡಿ, ಅದು ನಮ್ಮ ಹತ್ತಿರ ಈಗಾಗಲೇ ಇದೆ. ಮಾರ್ಚ್ 31ಕ್ಕೆ ಆರ್ಥಿಕ ವರ್ಷದ ಕೊನೆಗೆ ಮುಗಿಯುವ ಹುದ್ದೆಗಳಿಗೆ ಏಪ್ರಿಲ್‌ನಿಂದ ಸಂಬಳ ಯಾರು ಕೊಡುತ್ತಾರೆ, ಅಷ್ಟು ತಿಳಿಸಿ.

ಇಂತಿ,
ಹೆಕ್ಸಮ್ ಹತ್ತಿರದ ಒಬ್ಬ ಕನ್ನಡಿಗ, ಕೆಂಪಳಿಲು ಸ್ವಯಂಸೇವಕ