ನಮ್ಮ ಅಡುಗೆಯಿಂದ ಪಂಜರದ ಸಾಲ್ಮನ್ ಕೈಬಿಡುತ್ತಿರುವ ಬಗ್ಗೆ

ಸರ್ರೆ, ಬ್ರಿಟಿಷ್ ಕೊಲಂಬಿಯಾ (ಬಿ.ಸಿ.), ಕೆನಡಾ
12 ಮೇ 2025

ಮಾನ್ಯ ಗ್ರಾಹಕರೇ,

ನಮಸ್ಕಾರ. ಬರುವ ಜೂನ್ ಮೊದಲ ವಾರದಿಂದ ನಮ್ಮ ವಾರದ ಊಟದ ಡಬ್ಬಿಯಲ್ಲಾಗಲಿ, ಸಮಾರಂಭಗಳಿಗೆ ಒದಗಿಸುವ ಅಡುಗೆಯಲ್ಲಾಗಲಿ, ಕಡಲಲ್ಲಿ ಬಲೆಯ ಪಂಜರ ಕಟ್ಟಿ ಸಾಕಿದ ಸಾಲ್ಮನ್ ಇರುವುದಿಲ್ಲ. ಅದರ ಬದಲಿಗೆ ಪಂಜರವಿಲ್ಲದೆ ಕಡಲಲ್ಲಿ ಬೆಳೆದ, ಹಿಡಿದು ತಂದ ಸಾಲ್ಮನ್ ಮಾತ್ರ ಬಳಸಲಿದ್ದೇವೆ. ಇದರಿಂದ ಮೀನಿನ ಡಬ್ಬಿಯ ದರ 3 ಡಾಲರ್ ಏರುತ್ತದೆ, ರುಚಿ ತುಸು ಬದಲಾಗುತ್ತದೆ, ವರ್ಷದ ಕೆಲವು ತಿಂಗಳು ತಾಜಾ ಮೀನಿನ ಬದಲು ಶೀತಲೀಕರಿಸಿದ ಮೀನು ಬರುತ್ತದೆ. ಕಾರಣ ಹೇಳದೆ ದರ ಏರಿಸಿ ನಮಗೆ ಅಭ್ಯಾಸವಿಲ್ಲದ್ದರಿಂದ ಈ ಪತ್ರ ಸ್ವಲ್ಪ ಉದ್ದವಾಗಿದೆ.

ಮೊದಲು ನಮ್ಮ ತಪ್ಪನ್ನೇ ಹೇಳಿಬಿಡುತ್ತೇವೆ. ಆರು ವರ್ಷಗಳಿಂದ ನಮ್ಮ ದರಪಟ್ಟಿಯಲ್ಲಿ "ಬಿ.ಸಿ. ಸಾಲ್ಮನ್ ಗಸಿ, ಇಲ್ಲಿಯದೇ ತಾಜಾ ಮೀನು" ಎಂದು ಅಚ್ಚಾಗುತ್ತಿತ್ತು. ಕಳೆದ ಚಳಿಗಾಲದಲ್ಲಿ ಡಬ್ಬಿ ತೆಗೆದುಕೊಳ್ಳಲು ಬಂದ ಗಂಗೊಳ್ಳಿ ಕಡೆಯ ಹಿರಿಯರೊಬ್ಬರು, "ತಂಗಿ, ಜನವರಿಯಲ್ಲಿ ಇಷ್ಟು ತಾಜಾ ಸಾಲ್ಮನ್ ಎಲ್ಲಿಂದ? ಇದು ಹಿಡಿದದ್ದೋ, ಸಾಕಿದ್ದೋ?" ಎಂದು ಕೇಳಿದರು. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿಗಳು ಕಡಲಿಗಿಳಿಯದ ಊರಿನಲ್ಲಿ ಬೆಳೆದವರಿಗೆ, ಮೀನಿಗೊಂದು ಕಾಲವಿದೆ ಎಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆ ರಾತ್ರಿ ಸಗಟು ವ್ಯಾಪಾರಿಯ ಬಿಲ್ಲುಗಳನ್ನು ಹರಡಿಕೊಂಡು ಕೂತೆವು. ಪ್ರತಿಯೊಂದು ಬಿಲ್ಲಿನಲ್ಲೂ "ಅಟ್ಲಾಂಟಿಕ್" ಎಂದು ಸ್ಪಷ್ಟವಾಗಿ ಬರೆದಿತ್ತು. ಈ ಪ್ರಾಂತದ ಪಂಜರಗಳಲ್ಲಿ ಬೆಳೆಯುವ ಸಾಲ್ಮನ್ ಬಹುಪಾಲು ಅಟ್ಲಾಂಟಿಕ್ ಜಾತಿಯದು. ಹುಟ್ಟುನೆಲೆ ಖಂಡದ ಆಚೆ ಬದಿಯ ಸಾಗರ. ಅದು ಬೆಳೆದದ್ದು ಬ್ರಿಟಿಷ್ ಕೊಲಂಬಿಯಾದ ನೀರಿನಲ್ಲೇ ಆದ್ದರಿಂದ ನಮ್ಮ ಪಟ್ಟಿಯಲ್ಲಿ ಅಕ್ಷರಶಃ ಸುಳ್ಳಿರಲಿಲ್ಲ. ಆದರೆ ಆ ಸಾಲನ್ನು ಓದಿದವರ ಕಣ್ಣೆದುರು ಬಂದದ್ದು ಇಲ್ಲಿನ ಫ್ರೇಸರ್ ನದಿಗೆ ಬರುವ, "ಸಾಕೈ" ಎಂಬ ಜಾತಿಯ ಕೆಂಪು ಸಾಲ್ಮನ್ನೇ ಹೊರತು ಪಂಜರದ ಮೀನಲ್ಲ ಎಂಬುದು ನಮಗೂ ಗೊತ್ತಿತ್ತು, ಅದರಿಂದ ನಮ್ಮ ವ್ಯಾಪಾರಕ್ಕೆ ಅನುಕೂಲವೂ ಆಗಿತ್ತು. ಅದಕ್ಕಾಗಿ ಕ್ಷಮೆ ಕೇಳುತ್ತೇವೆ.

ಪಂಜರದ ಮೀನನ್ನು ಬಿಡಲು ಇದೊಂದೇ ಕಾರಣವಲ್ಲ; ಪಟ್ಟಿಯನ್ನು ತಿದ್ದಿದ್ದರೆ ಅಷ್ಟು ತಪ್ಪು ಸರಿಹೋಗುತ್ತಿತ್ತು. ಅದರ ಮಾಂಸಕ್ಕೆ ಬಣ್ಣ ಬರಲು ಮೇವಿನಲ್ಲಿ ಅಸ್ಟಾಕ್ಸಾಂಥಿನ್ ಎಂಬ ಕೆಂಬಣ್ಣದ ವಸ್ತುವನ್ನು ಸೇರಿಸುತ್ತಾರೆಂಬುದನ್ನು ಹಲವರು ದೊಡ್ಡ ದೂರಾಗಿ ಹೇಳುತ್ತಾರೆ. ಕಡಲ ಮೀನಿಗೂ ಅದೇ ವಸ್ತು ಸಿಗಡಿಯಂಥ ಸಣ್ಣ ಜೀವಿಗಳಿಂದ ದೊರೆಯುತ್ತದೆಯಾದ್ದರಿಂದ ನಾವು ಅದನ್ನು ದೂರೆಂದು ಎಣಿಸಿಲ್ಲ. ಇಷ್ಟು ದಿನ ನೀವು ಉಂಡ ಮೀನಿನಿಂದ ನಿಮಗೆ ಕೆಡುಕಾಗಿದೆ ಎಂದೂ ಈ ಪತ್ರ ಹೇಳುತ್ತಿಲ್ಲ. ನಮ್ಮ ಚಿಂತೆ ಪಂಜರದ ಹೊರಗೆ ಈಜುವ ಮೀನಿನದು.

ಊರಿನಲ್ಲಿ ಉಪ್ಪುಂದದ ಕಡೆ ಪಂಜರ ಮೀನು ಕೃಷಿ ನೋಡಿದವರಿಗೆ ಇದರ ರಚನೆ ಸುಲಭವಾಗಿ ಅರ್ಥವಾಗುತ್ತದೆ, ಇಲ್ಲಿ ಗಾತ್ರ ಮಾತ್ರ ಬಹಳ ದೊಡ್ಡದು. ಒಂದೊಂದು ನೆಲೆಯಲ್ಲಿ ಲಕ್ಷಗಟ್ಟಲೆ ಮೀನು ಇರುತ್ತವೆ. ಬಲೆ ಮೀನನ್ನಷ್ಟೇ ತಡೆಯುತ್ತದೆ; ನೀರು, ಮಲ, ಉಳಿದ ಮೇವು, ರೋಗಾಣು, ಮೀನಿನ ಮೈಗೆ ಅಂಟಿ ಬದುಕುವ ಕಡಲಹೇನಿನ ಮರಿ ಎಲ್ಲವೂ ಆಚೀಚೆ ಸಲೀಸಾಗಿ ಹೋಗಿಬರುತ್ತವೆ. ಕಡಲಹೇನು ಇಲ್ಲಿ ಹೊಸದೇನಲ್ಲ, ಸಾಲ್ಮನ್ ಮೈಮೇಲೆ ಅದು ಎಂದಿನಿಂದಲೂ ಇದೆ. ಆದರೆ ವಸಂತದಲ್ಲಿ ಪಿಂಕ್ ಮತ್ತು ಚಮ್ ಎಂಬ ಜಾತಿಗಳ ಸಾಲ್ಮನ್ ಮರಿಗಳು ಹೊಳೆಯಿಂದ ಕಡಲಿಗಿಳಿಯುವಾಗ ಅವುಗಳ ಹಿರಿಯ ಮೀನುಗಳಲ್ಲಿ ಹೆಚ್ಚಿನವು ದೂರದ ಸಾಗರದಲ್ಲಿರುತ್ತವೆ. ದೊಡ್ಡ ಮೀನು ದಡದ ಬಳಿ ಇಲ್ಲದಿರುವುದೇ ಮರಿಗಳಿಗೆ ರಕ್ಷಣೆ. ವರ್ಷವಿಡೀ ದಡದ ಬಳಿಯಲ್ಲೇ ನಿಂತ ಪಂಜರ ಆ ಅಂತರವನ್ನು ಅಳಿಸಿಬಿಡುತ್ತದೆ. ಆಗ ಪಿಂಕ್ ಮರಿಯ ಉದ್ದ ನಿಮ್ಮ ಕಿರುಬೆರಳಿನಷ್ಟೂ ಇರುವುದಿಲ್ಲ, ತೂಕ ಒಂದು ಗ್ರಾಮಿಗಿಂತ ಕಡಿಮೆ, ಮೈಗೆ ಇನ್ನೂ ಸರಿಯಾಗಿ ಹುರುಪೆ ಬಂದಿರುವುದಿಲ್ಲ. ನಾಲ್ಕೈದು ಕಿಲೋ ತೂಗುವ ಮೀನಿಗೆ ಎರಡು ಹೇನು ಲೆಕ್ಕಕ್ಕಿಲ್ಲ. ಈ ಮರಿಯ ಚರ್ಮ ಮತ್ತು ರಕ್ತವನ್ನು ತಿನ್ನುವ ಎರಡು ಹೇನು ಅದರ ಜೀವಕ್ಕೇ ಕುತ್ತು. ಈ ಕಾರಣದಿಂದಲೇ ಮಾರ್ಚ್ 1ರಿಂದ ಜೂನ್ 30ರವರೆಗೆ ಪಂಜರದ ಮೀನೊಂದಕ್ಕೆ ಸರಾಸರಿ 3 ಚಲಿಸುವ (ಮೈಮೇಲೆ ಓಡಾಡುವಷ್ಟು ಬೆಳೆದ) ಹೇನು ದಾಟಿದರೆ ಕ್ರಮ ಕೈಗೊಳ್ಳಬೇಕೆಂಬ ನಿಯಮ ಇಲ್ಲಿದೆ.

ಇನ್ನು ಫ್ರೇಸರ್ ನದಿಯ ಸಾಕೈ. 2009ರಲ್ಲಿ 1 ಕೋಟಿಗೂ ಹೆಚ್ಚು ಮೀನು ಮೊಟ್ಟೆಯಿಡಲು ಕಡಲಿನಿಂದ ನದಿಗೆ ಮರಳಬಹುದೆಂಬ ಅಂದಾಜಿತ್ತು; ಬಂದದ್ದು ಸುಮಾರು 15 ಲಕ್ಷ. ಕಾರಣ ಹುಡುಕಲು ಕೆನಡಾ ಸರ್ಕಾರ ನ್ಯಾಯಮೂರ್ತಿ ಬ್ರೂಸ್ ಕೋಹೆನ್ ಅವರ ಆಯೋಗವನ್ನು ನೇಮಿಸಿತು. ಆಯೋಗ ವಿಚಾರಣೆ ನಡೆಸುತ್ತಿರುವಾಗಲೇ, 2010ರಲ್ಲಿ, ಅದೇ ನದಿಗೆ ಸುಮಾರು 3 ಕೋಟಿ ಮೀನು ಬಂದುಬಿಟ್ಟಿತು. ಪಂಜರಗಳು ಆಗಲೂ ಇದ್ದವು. ಪಂಜರಗಳೇ ಸಕಲ ಅನಿಷ್ಟಕ್ಕೂ ಕಾರಣ ಎನ್ನುವವರು ಈ ಎರಡು ವರ್ಷಗಳಲ್ಲಿ ಮೊದಲನೆಯದನ್ನಷ್ಟೇ ನೆನಪಿಸುತ್ತಾರೆ, ಪಂಜರದ ಪರ ವಹಿಸುವವರು ಎರಡನೆಯದನ್ನಷ್ಟೇ. 2012ರ ಅಕ್ಟೋಬರಿನಲ್ಲಿ 75 ಶಿಫಾರಸುಗಳೊಂದಿಗೆ ಬಂದ ಕೋಹೆನ್ ವರದಿ, ಯಾವುದೋ ಒಂದೇ ಕಾರಣದಿಂದ ಮೀನು ಕುಸಿಯಿತೆಂಬುದನ್ನು ಒಪ್ಪಲಿಲ್ಲ. ಬಿಸಿಯಾಗುತ್ತಿರುವ ನೀರೂ ಸೇರಿದಂತೆ ಹಲವು ಒತ್ತಡಗಳನ್ನು ಅದು ಗುರುತಿಸಿತು. ಆದರೂ ಮರಿಗಳ ವಲಸೆದಾರಿಯಲ್ಲಿರುವ ಡಿಸ್ಕವರಿ ದ್ವೀಪಗಳ ನಡುವೆ ಪಂಜರಗಳನ್ನು ಹೆಚ್ಚಿಸಕೂಡದು, 2020ರ ಸೆಪ್ಟೆಂಬರ್ 30ರೊಳಗೆ ಅಪಾಯ ತೀರಾ ಕನಿಷ್ಠವೆಂದು ಖಚಿತವಾಗದಿದ್ದರೆ ಅಲ್ಲಿ ಅವುಗಳನ್ನು ನಿಷೇಧಿಸಬೇಕು ಎಂದಿತು. ಸಹಜ ಮೀನನ್ನು ಕಾಯಬೇಕಾದ ಮೀನುಗಾರಿಕೆ ಇಲಾಖೆಯೇ ಸಾಕು ಮೀನಿನ ಉದ್ಯಮಕ್ಕೆ ಪ್ರೋತ್ಸಾಹ ಕೊಡುವ ಹೊಣೆ ಹೊತ್ತಿರಬಾರದು ಎಂದೂ ಹೇಳಿತು. ನಮ್ಮ ಮಟ್ಟಿಗೆ ಇಡೀ ವರದಿಯಲ್ಲಿ ಇದೇ ಹೆಚ್ಚು ತೂಕದ ಮಾತು.

ಗಡುವು ಬಂದಾಗ ಇಲಾಖೆ ಒಂಬತ್ತು ರೋಗಾಣುಗಳನ್ನು ಪರಿಶೀಲಿಸಿ ಅಪಾಯ ಕನಿಷ್ಠವೆಂದಿತು. ಆ ಒಂಬತ್ತರಲ್ಲಿ ಕಡಲಹೇನು ಸೇರಿರಲಿಲ್ಲ. ಮುಂದೆ ಅಲ್ಲಿನ ಪಂಜರಗಳನ್ನು ತೆಗೆಸಲು ಸಚಿವರ ಆದೇಶ, ನ್ಯಾಯಾಲಯದಲ್ಲಿ ಅದರ ರದ್ದತಿ, ಮತ್ತೆ ಸಮಾಲೋಚನೆ ಎಲ್ಲ ಆಗಿ, 2023ರ ಫೆಬ್ರವರಿಯಲ್ಲಿ ಆ ದ್ವೀಪಗಳ 15 ಪರವಾನಗಿಗಳನ್ನು ನವೀಕರಿಸುವುದಿಲ್ಲವೆಂದು ತೀರ್ಮಾನವಾಯಿತು. 2024ರ ಜೂನ್‌ನಲ್ಲಿ, ಈ ಪ್ರಾಂತದ ಕರಾವಳಿಯಲ್ಲಿ ತೆರೆದ ಬಲೆ-ಪಂಜರದ ಸಾಲ್ಮನ್ ಸಾಕಣೆ 2029ರ ಜೂನ್ 30ಕ್ಕೆ ಕೊನೆಯಾಗಬೇಕೆಂದು ಸರ್ಕಾರ ಪ್ರಕಟಿಸಿತು. ಗಡಿಯ ಆಚೆ ವಾಷಿಂಗ್ಟನ್ ರಾಜ್ಯದಲ್ಲಿ 2017ರ ಆಗಸ್ಟ್‌ನಲ್ಲಿ ಸೈಪ್ರೆಸ್ ದ್ವೀಪದ ಬಳಿಯ ಪಂಜರ ಕುಸಿದು ಸುಮಾರು ಎರಡೂವರೆ ಲಕ್ಷ ಅಟ್ಲಾಂಟಿಕ್ ಮೀನು ಹೊರಬಿದ್ದಿತ್ತು. ಬಲೆಗೆ ಮುತ್ತಿಕೊಂಡ ಪಚ್ಚಿಲೆಯಂಥ ಚಿಪ್ಪುಗಳನ್ನು ಹೊತ್ತಿಗೆ ಸರಿಯಾಗಿ ತೆಗೆಯದೆ ಬಿಟ್ಟದ್ದರಿಂದ ಪಂಜರ ನೀರಿನ ಸೆಳೆತ ತಾಳಲಿಲ್ಲವೆಂದು ಆ ರಾಜ್ಯದ ತನಿಖೆ ಹೇಳಿತು. ಬಲೆ ತೊಳೆಯುವ ಕೆಲಸವೊಂದು ತಪ್ಪಿದ್ದಕ್ಕೆ ಇಷ್ಟಾಯಿತು.

2029ರವರೆಗೆ ಕಾಯಬಹುದಲ್ಲವೇ ಎಂಬ ಪ್ರಶ್ನೆ ನಮ್ಮೊಳಗೇ ಬಂತು. ನಾವು ಐವರು ಪಾಲುದಾರರು. ನಾಲ್ವರು ಈ ಬದಲಾವಣೆಗೆ ಒಪ್ಪಿದರು, ಒಬ್ಬರು ಒಪ್ಪಲಿಲ್ಲ, ಈಗಲೂ ಒಪ್ಪಿಲ್ಲ. ಅವರ ಮಾತು ತಳ್ಳಿಹಾಕುವಂಥದಲ್ಲ. ಕ್ಲೆಮ್ಟುವಿನಂಥ ದೂರದ ಹಳ್ಳಿಯಲ್ಲಿ ಕಿಟಾಸೂ ಮೂಲನಿವಾಸಿಗಳು ಈ ಸಾಕಣೆಯನ್ನು ತಾವಾಗಿ ಒಪ್ಪಿ, ಅದರಿಂದ ಬದುಕು ಕಟ್ಟಿಕೊಂಡಿದ್ದಾರೆ; ಅವರ ಪಾಲಿಗೆ ನಮ್ಮ ನಿರ್ಧಾರ ನಗರದವರ ಶೋಕಿ. (ಬ್ರೌಟನ್ ದ್ವೀಪಸ್ತೋಮದ ನಮ್‌ಗಿಸ್ ಮೊದಲಾದ ಮೂರು ಮೂಲನಿವಾಸಿ ಸಮುದಾಯಗಳು ಪಂಜರಗಳನ್ನು ತೆಗೆಸಲು 2018ರಲ್ಲಿ ಪ್ರಾಂತ ಸರ್ಕಾರದೊಂದಿಗೆ ಒಪ್ಪಂದ ಮಾಡಿಕೊಂಡವು ಎಂಬುದೂ ಅಷ್ಟೇ ನಿಜ.) ಒಪ್ಪದ ಆ ಪಾಲುದಾರರ ಎರಡನೆಯ ಮಾತು ಇನ್ನೂ ಹರಿತವಾದ ಪ್ರಶ್ನೆ: "ಸಹಜ ಮೀನು ಕಡಿಮೆಯಾಗುತ್ತಿದೆ ಎಂದು ಮರುಗುತ್ತೀರಿ, ಆಮೇಲೆ ಅದನ್ನೇ ಹಿಡಿಸಿ ಮಾರುತ್ತೀರಿ. ಇದೆಂಥ ನ್ಯಾಯ?"

ನಾವು ಕೊಳ್ಳುವ ಮೀನು ಎಲ್ಲಿಯದೆಂಬುದನ್ನು ನಿರ್ಧರಿಸಿದ್ದು ಈ ಪ್ರಶ್ನೆಯೇ. ವರ್ಷದ ಹೆಚ್ಚಿನ ತಿಂಗಳು ನಿಮಗೆ ಬರುವುದು ಅಲಾಸ್ಕಾದ ಬ್ರಿಸ್ಟಲ್ ಕೊಲ್ಲಿಯಲ್ಲಿ ಹಿಡಿದು ಶೀತಲೀಕರಿಸಿದ ಸಾಕೈ. ಅಲ್ಲಿಗೆ 2022ರಲ್ಲಿ 7 ಕೋಟಿಗೂ ಹೆಚ್ಚು ಸಾಕೈ ಮರಳಿದ್ದವು, ಮತ್ತು ಅಲಾಸ್ಕಾ 1990ರಲ್ಲೇ ಸಾಲ್ಮನ್ ಸಾಕಣೆಯನ್ನು ಕಾನೂನಿನಿಂದ ನಿಷೇಧಿಸಿದೆ. ಫ್ರೇಸರ್ ಮೀನನ್ನು, ವಾಣಿಜ್ಯ ಮೀನುಗಾರಿಕೆಗೆ ಅನುಮತಿ ಸಿಕ್ಕ ವರ್ಷಗಳಲ್ಲಿ ಮಾತ್ರ, ಸ್ಟೀವ್‌ಸ್ಟನ್ ಧಕ್ಕೆಯ ದೋಣಿಯವರಿಂದ ನೇರವಾಗಿ ಕೊಳ್ಳುತ್ತೇವೆ. ಅನುಮತಿ ಇಲ್ಲದ ವರ್ಷ ಅದು ನಮ್ಮ ಪಟ್ಟಿಯಲ್ಲಿ ಇರುವುದಿಲ್ಲ. ಬೆಸ ಸಂಖ್ಯೆಯ ವರ್ಷಗಳಲ್ಲಿ ಫ್ರೇಸರಿಗೆ ಪಿಂಕ್ ಬರುತ್ತದೆಯಾದ್ದರಿಂದ ಈ ವರ್ಷದ ಬೇಸಿಗೆಯ ಕೊನೆಯಲ್ಲಿ ಅದನ್ನೂ ಕೊಡುವ ಯೋಚನೆಯಿದೆ. ಒಟ್ಟಿನಲ್ಲಿ, ಇಷ್ಟು ವರ್ಷ ಹೆಮ್ಮೆಯಿಂದ ಹೇಳಿಕೊಂಡು ಬಂದ "ಇಲ್ಲಿಯದೇ" ಎಂಬ ಮಾತನ್ನು ಹೆಚ್ಚಿನ ವಾರಗಳಲ್ಲಿ ಬಿಟ್ಟುಕೊಡುತ್ತಿದ್ದೇವೆ. ಇನ್ನು ಮುಂದೆ ಪ್ರತಿ ಡಬ್ಬಿಯ ಮುಚ್ಚಳದ ಮೇಲೆ ಮೀನಿನ ಜಾತಿ, ಹಿಡಿದ ನೀರು, ತಾಜಾ ಅಥವಾ ಶೀತಲೀಕರಿಸಿದ್ದು, ಈ ಮೂರನ್ನೂ ಬರೆಯುತ್ತೇವೆ. ಎಂದಾದರೂ ಅಲಾಸ್ಕಾದ ಚಮ್ ತರಿಸಿದರೆ, ಅದರಲ್ಲಿ ಮರಿ ಉತ್ಪಾದನಾ ಕೇಂದ್ರದಲ್ಲಿ ಹುಟ್ಟಿ ಕಡಲಲ್ಲಿ ಬೆಳೆದ ಮೀನೂ ಇರಬಹುದು ಎಂಬುದನ್ನೂ ಬರೆಯುತ್ತೇವೆ.

ಅಡುಗೆಯ ವಿಷಯ. ಪಂಜರದ ಮೀನಿನ ಕೊಬ್ಬು ನಮ್ಮ ಕೈಯ ಎಷ್ಟೋ ತಪ್ಪುಗಳನ್ನು ಮುಚ್ಚುತ್ತಿತ್ತು. ಸಾಕೈ ತುಂಡುಗಳನ್ನು ಹಳೆಯ ಅಳತೆಯಲ್ಲೇ ರವೆ ಹಚ್ಚಿ ಹುರಿದಾಗ ಮೊದಲ ಮೂರು ಸಲ ಸೌದೆ ಅಗಿದಂತಾಯಿತು. ಈಗ ತುಂಡುಗಳನ್ನು ದಪ್ಪಗೆ, ಚರ್ಮ ಬಿಟ್ಟುಕೊಂಡೇ ಕತ್ತರಿಸಿ, ಮಸಾಲೆಗೆ ಒಂದು ಚಮಚ ತೆಂಗಿನೆಣ್ಣೆ ಕಲಸಿ, ಚರ್ಮದ ಬದಿಯಲ್ಲೇ ಮುಕ್ಕಾಲು ಹೊತ್ತು ಬೇಯಿಸುತ್ತೇವೆ. ಗಸಿಗೆ ಹುಣಸೆ ಮಸಾಲೆ ಪೂರ್ತಿ ಕುದಿದ ಮೇಲೆ ಮೀನು ಹಾಕಿ, ಒಂದು ಕುದಿ ಬಂದೊಡನೆ ಒಲೆ ಆರಿಸಿ ಮುಚ್ಚಿಡುತ್ತೇವೆ. ಮನೆಯಲ್ಲಿ ಡಬ್ಬಿಯನ್ನು ಮೈಕ್ರೋವೇವಿನಲ್ಲಿ ಹೆಚ್ಚು ಹೊತ್ತು ಬಿಸಿಮಾಡಿದರೆ ಈ ಎಚ್ಚರವೆಲ್ಲ ವ್ಯರ್ಥ. ಸಾರನ್ನು ಬೇರೆ ಕಾಯಿಸಿ, ಅದರಲ್ಲಿ ತುಂಡುಗಳನ್ನು ಎರಡು ನಿಮಿಷ ಬಿಟ್ಟರೆ ಸಾಕು.

ಹಳೆಯ ದರದಲ್ಲಿ ಮುಂಗಡ ಕೊಟ್ಟಿರುವವರಿಗೆ ಆ ಅವಧಿ ಮುಗಿಯುವವರೆಗೆ ಹೊಸ ಮೀನನ್ನೇ ಹಳೆಯ ದರದಲ್ಲಿ ಕೊಡುತ್ತೇವೆ. ವಿದ್ಯಾರ್ಥಿಗಳ ಡಬ್ಬಿಯ ದರ ಏರುವುದಿಲ್ಲ. ಅದರಲ್ಲಿ ತಿಂಗಳಿಗೆ ನಾಲ್ಕು ಸಲದ ಬದಲು ಎರಡು ಸಲ ಸಾಲ್ಮನ್, ಇನ್ನೆರಡು ಸಲ ಬಂಗುಡೆ ಪುಳಿಮುಂಚಿ ಇರುತ್ತದೆ. ಬದಲಾವಣೆ ಬೇಡವೆನಿಸಿದವರು ಮೇ 28ರೊಳಗೆ ತಿಳಿಸಿದರೆ ಉಳಿದ ಹಣ ಪೂರ್ತಿ ಮರಳಿಸುತ್ತೇವೆ. ಜನವರಿಯಲ್ಲಿ ಪ್ರಶ್ನೆ ಕೇಳಿದ ಹಿರಿಯರ ಮೊದಲ ಡಬ್ಬಿ ನಮ್ಮ ಲೆಕ್ಕದಲ್ಲಿ. ಅವರು ದಯವಿಟ್ಟು ಬೇಡವೆನ್ನಬಾರದು.

ವಿಶ್ವಾಸದೊಂದಿಗೆ,
ಐವರು ಪಾಲುದಾರರ ಪರವಾಗಿ