ಗೆಳೆಯನಿಗೊಂದು ಪತ್ರ: ಮೈಲಾರಿ ದೋಸೆಯ ಪಣ

ಪಿಟ್ಸ್‌ಬರ್ಗ್
23 ನವೆಂಬರ್ 2025

ಪ್ರಿಯ ಗೆಳೆಯಾ,

ಮೊದಲು ಪಣದ ಲೆಕ್ಕವನ್ನು ಮುಗಿಸಿಬಿಡೋಣ. ನಮ್ಮ ಪಿಟ್ಸ್‌ಬರ್ಗ್ ಪೈರೇಟ್ಸ್ ಬೇಸ್‌ಬಾಲ್ ತಂಡದ ಓನೀಲ್ ಕ್ರೂಜ್ ಬ್ಯಾಟಿಂಗ್ ಸರಾಸರಿಯಲ್ಲಿ ಈ ವರ್ಷ .240 ದಾಟುತ್ತಾನೆ ಎಂದು ನೀನೂ ದಾಟುವುದಿಲ್ಲ ಎಂದು ನಾನೂ ಮಾರ್ಚ್ ತಿಂಗಳಲ್ಲಿ ಹಟ ಹಿಡಿದು, ನಜರ್‌ಬಾದಿನ ಮೈಲಾರಿಯ ಎರಡು ದೋಸೆಗಳನ್ನು ಪಣವಾಗಿಟ್ಟಿದ್ದೆವು. ಆತ ಋತುವನ್ನು ಮುಗಿಸಿದ್ದು ಸರಿಯಾಗಿ .200ಕ್ಕೆ. ಆದ್ದರಿಂದ ಎರಡು ದೋಸೆ, ಬೆಣ್ಣೆ ಸಹಿತ, ನಿನ್ನ ಲೆಕ್ಕದಲ್ಲಿ ಬಾಕಿ ಇದೆ. ನಾನು ಕಳೆದುಕೊಂಡ ಆ ಛತ್ರಿಯ ಹಾಗೆ ಇದನ್ನೂ ಮರೆಸಿಬಿಡಬಹುದು ಎಂದುಕೊಳ್ಳಬೇಡ.

ಈ ಪತ್ರವನ್ನು ನಿನ್ನ ಭುಜದ ಮೇಲಿಂದ ಇಣುಕಿ ಓದುತ್ತಿರುವ ಕ್ರಿಕೆಟ್ ಬಂಧುಗಳಿಗೆ ಒಂದು ಮಾತು ಹೇಳಬೇಕು. ಬೇಸ್‌ಬಾಲ್‌ನಲ್ಲಿ .200 ಎಂದರೆ ಹತ್ತು ಸಲ ಬ್ಯಾಟಿಂಗ್‌ಗೆ ಬಂದವನಿಗೆ ಎರಡೇ ಸಲ ಹಿಟ್ ದಕ್ಕಿತು ಎಂದರ್ಥ. .300 ಹೊಡೆಯುವವನು, ಅಂದರೆ ಹತ್ತರಲ್ಲಿ ಏಳು ಸಲ ತಲೆ ತಗ್ಗಿಸಿಕೊಂಡು ಮರಳುವವನು, ಈ ಆಟದಲ್ಲಿ ದೊಡ್ಡ ಮನುಷ್ಯ. ಸೋಲಿನ ವಿಷಯದಲ್ಲಿ ಇಷ್ಟು ಉದಾರವಾಗಿರುವ ಆಟದಲ್ಲಿಯೂ ನಮ್ಮ ಪೈರೇಟ್ಸ್ ತಂಡ 2025ರಲ್ಲಿ 162 ಪಂದ್ಯಗಳನ್ನಾಡಿ ಗಳಿಸಿದ್ದು 583 ರನ್, ಹೊಡೆದದ್ದು 117 ಹೋಮ್ ರನ್ (ನಮ್ಮ ಸಿಕ್ಸರ್‌ನಂಥದ್ದು). ಮೂವತ್ತು ತಂಡಗಳ ಪೈಕಿ ಎರಡರಲ್ಲಿಯೂ ಕಟ್ಟಕಡೆಯ ಸ್ಥಾನ. 71 ಗೆಲುವು, 91 ಸೋಲು. ಇಷ್ಟಾಗಿಯೂ ನೀನು ಮೈಸೂರಿನಲ್ಲಿ ನಸುಕಿನ ನಾಲ್ಕು ಗಂಟೆಗೆ, ಹಾಲಿನವನೂ ಏಳದ ಹೊತ್ತಿನಲ್ಲಿ ಎದ್ದು ಕುಳಿತು ಇವರನ್ನು ನೋಡುತ್ತೀಯಲ್ಲ, ನಿಮ್ಮ ಮನೆಯವರು ಅದನ್ನು ಹೇಗೆ ಸಹಿಸಿಕೊಂಡಿದ್ದಾರೋ ನನಗೆ ಗೊತ್ತಿಲ್ಲ.

ನಮ್ಮ ತಂಡದ ಪಿಚರ್, ಅಂದರೆ ಚೆಂಡು ಎಸೆಯುವವನು, ಪಾಲ್ ಸ್ಕೀನ್ಸ್‌ಗೆ ಈ ತಿಂಗಳು ವರ್ಷದ ಶ್ರೇಷ್ಠ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಬಂದಾಗ, ಅದೂ ಒಂದು ಮತವೂ ಆಚೀಚೆ ಆಗದೆ ಬಂದಾಗ, ನೀನು ಕಳಿಸಿದ ಒಂದೇ ಸಾಲಿನ ಸಂದೇಶ 'ಶ್ರೀನಾಥ್, ಕೋಲ್ಕತ್ತ, 1999' ಎಂದಿತ್ತು. ಅದಕ್ಕಿಂತ ಸರಿಯಾದ ವಿಮರ್ಶೆಯನ್ನು ಇಲ್ಲಿಯ ಯಾವ ಪತ್ರಿಕೆಯಲ್ಲಿಯೂ ನಾನು ಓದಲಿಲ್ಲ. ಈಡನ್ ಗಾರ್ಡನ್ಸ್‌ನಲ್ಲಿ ಪಾಕಿಸ್ತಾನದ ವಿರುದ್ಧ ನಿಮ್ಮೂರಿನವರು ಒಬ್ಬರೇ ಹದಿಮೂರು ವಿಕೆಟ್ ಕಿತ್ತು ಕೊಟ್ಟ ಮೇಲೂ ನಮ್ಮವರು 46 ರನ್‌ಗಳಿಂದ ಸೋತರಲ್ಲ, ಸ್ಕೀನ್ಸ್‌ನ ವರ್ಷವೆಲ್ಲ ಹಾಗೆಯೇ ಕಳೆಯಿತು. ಆತನ ಇಆರ್‌ಎ 1.97, ಅಂದರೆ ಒಂಬತ್ತು ಇನಿಂಗ್ಸ್‌ಗೆ ಎದುರಾಳಿಗೆ ಎರಡು ರನ್ನನ್ನೂ ಪೂರ್ತಿ ಬಿಟ್ಟುಕೊಡದವನು. ಅಂಥವನ ಹೆಸರಿನ ಮುಂದೆ ಬರೆದಿರುವುದು ಹತ್ತು ಗೆಲುವು, ಹತ್ತು ಸೋಲು. ಮನೆಯಲ್ಲಿ ಒಬ್ಬನೇ ದುಡಿದು ಉಳಿದವರೆಲ್ಲ ಜಗಲಿಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಂಡಿದ್ದರೆ ಸಂಸಾರ ಹೇಗಿರುತ್ತದೋ ಹಾಗೆ.

ಹೊಡೆಯುವವರು ಏಕಿಲ್ಲ ಎಂಬ ನಮ್ಮ ಹಳೆಯ ಜಗಳಕ್ಕೆ ಕಾರಣಗಳು ಕಡಿಮೆಯೇನಲ್ಲ. ಎಡ-ಮಧ್ಯದ ಮೂಲೆ 410 ಅಡಿ ದೂರದಲ್ಲಿರುವ ನಮ್ಮ ಪಿಎನ್‌ಸಿ ಪಾರ್ಕ್‌ನಲ್ಲಿ, ಬೇರೆಡೆ ಹೋಮ್ ರನ್ ಆಗಬಹುದಾದ ಬಲಗೈ ಆಟಗಾರರ ಹೊಡೆತಗಳು ಕ್ಯಾಚ್ ಆಗಿ ಮುಗಿಯುತ್ತವೆ. ಆದರೆ ಮೈದಾನದ ಮೇಲೆ ಎಷ್ಟೆಂದು ತಪ್ಪು ಹೊರಿಸುವುದು? ಮುಖ್ಯ ಕಾರಣ ಹಣದ ಗಂಟು. ಈ ಕ್ಲಬ್ಬಿನ ಇತಿಹಾಸದಲ್ಲಿ 2025ರವರೆಗಿನ ಅತಿ ದೊಡ್ಡ ಒಪ್ಪಂದ 2023ರಲ್ಲಿ ಬ್ರಯಾನ್ ರೆನಾಲ್ಡ್ಸ್ ಜೊತೆ ಆದ ಎಂಟು ವರ್ಷಗಳ 10.675 ಕೋಟಿ ಡಾಲರ್‌ನದು. ನ್ಯೂಯಾರ್ಕ್ ಮೆಟ್ಸ್ ಹುವಾನ್ ಸೊಟೊ ಒಬ್ಬನಿಗೇ ಹದಿನೈದು ವರ್ಷಕ್ಕೆ 76.5 ಕೋಟಿ ಕೊಟ್ಟಿತು. ಹೊರಗಿನಿಂದ ಕೊಳ್ಳಲಾರದವರು ಮನೆಯಲ್ಲಿ ಬೆಳೆಸಬೇಕು, ಮತ್ತು ನಮ್ಮವರಿಗೆ ಬೆಳೆಸಲು ಬರುವುದು ಪಿಚರ್‌ಗಳನ್ನು ಮಾತ್ರ. 2008ರಲ್ಲಿ ಒಂದು ಟಿವಿ ಸ್ಪರ್ಧೆಯ ಮೂಲಕ ಉತ್ತರ ಪ್ರದೇಶದ ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್ ಎಂಬ ಇಬ್ಬರು ಜಾವೆಲಿನ್ ಹುಡುಗರನ್ನು ಹುಡುಕಿ ತಂದಾಗ ಅವರೊಡನೆ ಒಪ್ಪಂದ ಮಾಡಿಕೊಂಡದ್ದೂ ಇದೇ ಕ್ಲಬ್ಬು. ಮನೆಮನೆಯಲ್ಲೂ ಬ್ಯಾಟ್ ಹಿಡಿಯುವ ಮಕ್ಕಳಿರುವ ದೇಶದಿಂದಲೂ ಇವರಿಗೆ ಸಿಕ್ಕಿದ್ದು ಎಸೆಯುವವರೇ! ಹೆನ್ರಿ ಡೇವಿಸ್ ಬಗ್ಗೆ ಹೆಚ್ಚು ಬರೆಯುವುದಿಲ್ಲ. 2021ರ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸಿಕೊಳ್ಳುವಲ್ಲಿ, ಇಡೀ ದೇಶಕ್ಕೆ ಮೊದಲನೆಯವನಾಗಿ ಆರಿಸಿಕೊಂಡ ಕ್ಯಾಚರ್ (ನಮ್ಮ ವಿಕೆಟ್ ಕೀಪರ್‌ನಂಥವನು) ಈ ವರ್ಷ .167 ಹೊಡೆದ, ಸ್ಕೀನ್ಸ್‌ನ ಚೆಂಡನ್ನು ಚೆನ್ನಾಗಿ ಹಿಡಿಯುತ್ತಾನೆ ಎಂಬ ನಿನ್ನ ಸಮಾಧಾನವನ್ನು ನಾನು ಒಪ್ಪಿದ್ದೇನೆ, ಬಿಡು.

ಕ್ರೂಜ್‌ನ ವಿಷಯ ಹಾಗಲ್ಲ. ಅವನ ಬಗ್ಗೆ ನಾವು ಜಗಳವಾಡಿದಷ್ಟು ನಮ್ಮ ಊಟ, ಬಾಡಿಗೆ, ಮದುವೆಗಳ ಬಗ್ಗೆಯೂ ಆಡಿಲ್ಲ. ಆರಡಿ ಏಳಂಗುಲದ ಆ ಮನುಷ್ಯ ಮೇ 25ರಂದು ಗಂಟೆಗೆ 122.9 ಮೈಲಿ ವೇಗದಲ್ಲಿ ಹೊಡೆದ ಚೆಂಡು ಅಲೆಗೇನಿ ನದಿಗೆ ಹೋಗಿ ಬಿತ್ತು. ಹೊಡೆತದ ವೇಗವನ್ನು ಅಳೆಯುವ ವ್ಯವಸ್ಥೆ 2015ರಲ್ಲಿ ಬಂದ ಮೇಲೆ ಅಷ್ಟು ಬಿರುಸಾಗಿ ಯಾರೂ ಹೊಡೆದದ್ದಿಲ್ಲ. ಹಿಂದಿನ ದಾಖಲೆಯೂ ಅವನದೇ ಆಗಿತ್ತು. ಆ ರಾತ್ರಿ ನೀನು ಫೋನಿನಲ್ಲಿ ಮಾತಾಡಲಿಲ್ಲ, ಬರೀ ನಕ್ಕೆ. ನಾನು ಆಗಲೂ 'ನದಿಗೆ ಬಿದ್ದದ್ದು ಒಂದು, ಕ್ಯಾಚರ್‌ನ ಕೈಗವಸಿಗೆ ಬಿದ್ದದ್ದು ಎಷ್ಟು?' ಎಂದು ಕೇಳಿದೆ. ಇಪ್ಪತ್ತು ಹೋಮ್ ರನ್ ಹೊಡೆದ, ಪಿಚರ್ ಚೆಂಡು ಎಸೆಯುವಷ್ಟರಲ್ಲಿ ಓಡಿ ಮೂವತ್ತೆಂಟು ಬೇಸ್ ಕದ್ದು ನ್ಯಾಷನಲ್ ಲೀಗ್‌ನಲ್ಲಿ ಸೊಟೊ ಜೊತೆ ಮೊದಲ ಸ್ಥಾನ ಹಂಚಿಕೊಂಡ ಎಂದು ನೀನು ಪಟ್ಟಿ ಓದಿದರೆ, ಇಪ್ಪತ್ತಾರು ವರ್ಷ ತುಂಬಿದವನನ್ನು ಇನ್ನೂ ಭರವಸೆಯ ಹುಡುಗ ಎನ್ನುವುದು ಮದುವೆಯಾದವನನ್ನು ಮದುಮಗ ಎಂದು ಹತ್ತು ವರ್ಷ ಕರೆದಂತೆ ಎಂದು ನಾನು ಹೇಳುತ್ತಿದ್ದೆ. ಈ ಮಾತು ನನಗೆ ಎಷ್ಟು ಇಷ್ಟವಾಗಿತ್ತೆಂದರೆ, ಅವನು ಪ್ರತಿ ಸಲ ಗಾಳಿಗೆ ಬ್ಯಾಟ್ ಬೀಸಿ ಮರಳಿದಾಗಲೂ ಅದನ್ನು ಇನ್ನೊಮ್ಮೆ ಹೇಳಲು ಅವಕಾಶ ಸಿಕ್ಕಿತೆಂದು ನನ್ನ ನಾಲಗೆ ತುರಿಸುತ್ತಿತ್ತು.

ನಿನಗೆ ಹೇಳದೆ ಉಳಿಸಿಕೊಂಡಿದ್ದ ಸಂಗತಿ ಇಲ್ಲಿಂದ ಶುರುವಾಗುತ್ತದೆ. ಋತುವಿನ ಕೊನೆಯಲ್ಲಿ ನಾನು ನಮ್ಮ ಕ್ಲಬ್ಬಿನ ಕೆಳಹಂತದ (ಮೈನರ್ ಲೀಗ್) ತಂಡವೊಂದಿರುವ ಆಲ್ಟೂನಾಕ್ಕೆ ಹೋಗಿ ಬಂದೆನಲ್ಲ, ಎರಡು ಗಂಟೆ ಕಾರು ಓಡಿಸಿಕೊಂಡು, ಕಾನರ್ ಗ್ರಿಫಿನ್‌ನನ್ನು ನೋಡಲೆಂದೇ. ಮರದ ರೋಲರ್ ಕೋಸ್ಟರ್ ಬಲಗಡೆಯ ಗೋಡೆಯ ಹಿಂದೆಯೇ ಎದ್ದು ನಿಂತಿರುವ ಆ ಪುಟ್ಟ ಮೈದಾನದ ಫೋಟೋಗಳನ್ನು ನಿನಗೆ ಕಳಿಸಿದ್ದೆ. ಫೋಟೋದಲ್ಲಿ ಇಲ್ಲದ್ದನ್ನು ಈಗ ಬರೆಯುತ್ತೇನೆ. ಮಿಸಿಸಿಪ್ಪಿಯ ಆ ಹುಡುಗನನ್ನು 2024ರ ಡ್ರಾಫ್ಟ್‌ನಲ್ಲಿ ಒಂಬತ್ತನೆಯವನಾಗಿ ಆರಿಸಿದ ದಿನ ನಾನು ನಿನಗೆ 'ಇನ್ನೊಬ್ಬ ಕ್ರೂಜ್, ಮೈಕಟ್ಟು ಇದೆ, ಹೊಡೆತ ಇಲ್ಲ' ಎಂದು ಬರೆದಿದ್ದೆ. ಅವನ ಬ್ಯಾಟ್ ಬೀಸುವ ರೀತಿಯ ಬಗ್ಗೆ ಆಗ ಬಲ್ಲವರಲ್ಲಿಯೇ ಅನುಮಾನವಿತ್ತು, ನಾನು ಅದನ್ನೇ ಸ್ವಂತ ಜ್ಞಾನದಂತೆ ಬಡಿಸಿದ್ದೆ. ಆ ಹುಡುಗ ಈ ವರ್ಷ, ಹತ್ತೊಂಬತ್ತರ ಪ್ರಾಯದಲ್ಲಿ, ಮೂರು ಹಂತಗಳನ್ನು ಒಂದೇ ಬೇಸಿಗೆಯಲ್ಲಿ ಏರಿ, .333 ಸರಾಸರಿಯಲ್ಲಿ 21 ಹೋಮ್ ರನ್ ಹೊಡೆದು, 65 ಬೇಸ್ ಕದ್ದು, ಮೈನರ್ ಲೀಗ್‌ನ ಹುಡುಗರಲ್ಲೆಲ್ಲ ಮೊದಲನೆಯವನೆಂದು ಹೆಸರಾದ.

ಆ ಸಂಜೆ ಅವನು ಒಮ್ಮೆ ಸ್ಟ್ರೈಕ್‌ಔಟ್ ಆದ. ಹೊರಗೆ ಓಡಿಹೋಗುವ ಚೆಂಡಿಗೆ ಬ್ಯಾಟ್ ಬೀಸಿ, ಏನೂ ಆಗದವನಂತೆ ತಲೆ ಬಗ್ಗಿಸಿ ನಡೆದ. ನನ್ನ ಬಲಗೈ ಮುಷ್ಟಿಯಾಗಿ ಬಿಗಿದಿತ್ತು, ಬಾಯಿಂದ 'ಹಾಂ!' ಎಂಬ ಸದ್ದೂ ಬಂದಿತ್ತು. ಪಕ್ಕದಲ್ಲಿ ಸ್ಕೋರ್ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಪೆನ್ಸಿಲ್‌ನಲ್ಲಿ ಬರೆಯುತ್ತಿದ್ದ ಅಜ್ಜ ನನ್ನ ತಲೆಯ ಮೇಲಿನ ಪೈರೇಟ್ಸ್ ಟೋಪಿಯನ್ನೂ ನನ್ನ ಮುಷ್ಟಿಯನ್ನೂ ನೋಡಿ, ತೀರಾ ಮರ್ಯಾದೆಯಿಂದ, 'ನೀವು ಎದುರು ತಂಡದ ಕಡೆಯವರೇ?' ಎಂದು ಕೇಳಿದರು. ನಾನು ಅಲ್ಲ ಎಂದೆ. ಆಮೇಲೆ ಆ ಹುಡುಗ ಬ್ಯಾಟ್ ಹಿಡಿದು ಬಂದಾಗಲೆಲ್ಲ ಕೈಗಳನ್ನು ಜೇಬಿನಲ್ಲಿಟ್ಟುಕೊಂಡು ಕುಳಿತೆ.

ವಾಪಸು ಬರುವ ದಾರಿಯುದ್ದಕ್ಕೂ ನಾನು ಯೋಚಿಸಿದ್ದು ಇದು. ಹತ್ತು ವರ್ಷದಿಂದ ಪ್ಲೇಆಫ್ ಮುಖ ನೋಡದ ತಂಡ ಗೆಲ್ಲಲಿ ಎಂದು ದಿನವೂ ಹಲುಬುವ ನಾನು, ಆ ತಂಡವನ್ನು ಗೆಲ್ಲಿಸಬಲ್ಲ ಒಬ್ಬ ಹುಡುಗ ಎಡವಿದ್ದಕ್ಕೆ ಖುಷಿಪಟ್ಟಿದ್ದೆ, ಏಕೆಂದರೆ ಅವನು ಎಡವುತ್ತಾನೆಂದು ನಾನು ಒಂದು ವರ್ಷದ ಹಿಂದೆ ಹೇಳಿಬಿಟ್ಟಿದ್ದೆ. ಕ್ರೂಜ್ ವಿಷಯದಲ್ಲಿಯೂ ಹಾಗೆಯೇ ಆಗಿತ್ತೆಂದು ಆಗ ಹೊಳೆಯಿತು. ಸೆಪ್ಟೆಂಬರ್‌ನಲ್ಲಿ ಅವನ ಸರಾಸರಿ ಇಳಿಯುವುದನ್ನು ನಾನು ಬ್ಯಾಂಕಿನ ಬಡ್ಡಿ ನೋಡುವವನಂತೆ ದಿನವೂ ನೋಡುತ್ತಿದ್ದೆ. ಅದು ದೋಸೆಗಾಗಿ ಎಂದು ನಿನಗೂ ಹೇಳಿದ್ದೆ, ನನಗೂ ಹೇಳಿಕೊಂಡಿದ್ದೆ.

ಇಲ್ಲಿಗೆ ನಿಲ್ಲಿಸಬೇಕೆಂದಿದ್ದೆ. ಆದರೆ ನಿನ್ನ ಕುಕ್ಕರಿನ ವಿಷಯ ಹೇಳದಿದ್ದರೆ ಈ ಪತ್ರ ಅರ್ಧ ಸುಳ್ಳಾಗುತ್ತದೆ. 2019ರಲ್ಲಿ ನೀನು ಎಲ್ಲವನ್ನೂ ಕಟ್ಟಿಕೊಂಡು ಮೈಸೂರಿಗೆ ಹೊರಟಾಗ, ಐದು ಲೀಟರಿನ ಆ ಕುಕ್ಕರನ್ನು ಯಾರಿಗಾದರೂ ಕೊಟ್ಟುಬಿಡು ಎಂದಿದ್ದೆ. ನಾನು ಕೊಡಲಿಲ್ಲ. 'ನೀನು ಎರಡು ವರ್ಷದಲ್ಲಿ ಮರಳಿ ಬರುತ್ತೀ, ಆಗ ಬೇಕಾಗುತ್ತದೆ' ಎಂದು ವಿಮಾನ ನಿಲ್ದಾಣದಲ್ಲಿ ನಗುತ್ತ ಹೇಳಿದ್ದೆ. ನೀನದನ್ನು ಪ್ರೀತಿ ಎಂದುಕೊಂಡೆ. ನಾನೂ ಹಾಗೆಯೇ ಎಂದುಕೊಂಡಿದ್ದೆ. 2021ರಲ್ಲಿ ನೀನು ನಾಲ್ಕು ಜನರ ನಿನ್ನ ಕಚೇರಿಯ ಬಾಡಿಗೆ ಕಟ್ಟಲು ಒದ್ದಾಡುತ್ತಿದ್ದೇನೆಂದು, ಒಬ್ಬನನ್ನು ಕೆಲಸದಿಂದ ಬಿಡಿಸಬೇಕಾಯಿತೆಂದು ಮಧ್ಯರಾತ್ರಿ ಬರೆದ ಆ ಉದ್ದನೆಯ ಮೇಲ್‌ಗೆ ನಾನು ಬಹಳ ಒಳ್ಳೆಯ ಉತ್ತರ ಬರೆದೆ, ನೆನಪಿದೆಯೇ? ನೀನು ಅದನ್ನು ಇಂದಿಗೂ ಹೊಗಳುತ್ತೀಯ. ಆ ಉತ್ತರ ಬರೆಯುವ ಮೊದಲು ಅಡುಗೆಮನೆಗೆ ಹೋಗಿ, ಕಪಾಟಿನ ಮೇಲಿನಿಂದ ಕುಕ್ಕರನ್ನು ಇಳಿಸಿ, ತೊಳೆದು ಒರೆಸಿ ಇಟ್ಟಿದ್ದೆ. ನನಗಾಗ ಆದದ್ದು ದುಃಖ ಎಂದೇ ಇಷ್ಟು ವರ್ಷ ನಂಬಿದ್ದೆ. ಆಲ್ಟೂನಾದ ಮುಷ್ಟಿಯ ನಂತರ ನನಗೆ ಅದರ ಬಗ್ಗೆ ಖಾತ್ರಿಯಿಲ್ಲ. ನೀನು ಸೋಲಬೇಕೆಂದು ನಾನು ಬಯಸಿರಲಿಲ್ಲ, ಅಷ್ಟು ಕೆಟ್ಟವನಲ್ಲ; ಆದರೆ ನಾನು ಹೇಳಿದ್ದು ಸರಿಯಾಗಲಿ ಎಂದು ಬಯಸಿದ್ದೆ, ಮತ್ತು ನೀನು ಸೋಲದೆ ಅದು ಸರಿಯಾಗುವ ದಾರಿ ಇರಲಿಲ್ಲ. ನೀನು ಹೋದದ್ದು ತಪ್ಪಾದರೆ ಮಾತ್ರ ನಾನು ಇಲ್ಲಿ ಉಳಿದದ್ದು ಸರಿಯಾಗುತ್ತಿತ್ತೋ ಏನೋ.

ಛೆ, ಸ್ಕೀನ್ಸ್‌ನ ಪ್ರಶಸ್ತಿಗೆ ಅಭಿನಂದನೆ ಬರೆಯಲು ಕುಳಿತವನು ಎಲ್ಲಿಗೋ ಬಂದೆ. ಇದನ್ನೆಲ್ಲ ನಾಲ್ಕು ಜನರ ಮುಂದೆ ಬರೆಯುವ ಬದಲು ಫೋನು ಮಾಡಬಹುದಿತ್ತಲ್ಲ ಎಂದು ನೀನು ಕೇಳಬಹುದು. ಫೋನಿನಲ್ಲಿ ನೀನು ಮಧ್ಯೆ ಬಾಯಿ ಹಾಕಿ 'ಹೋಗಲಿ ಬಿಡೋ' ಎನ್ನುತ್ತಿದ್ದೆ, ನಾನು ಬಿಟ್ಟುಬಿಡುತ್ತಿದ್ದೆ. ಅಲ್ಲದೆ ಜನ ನೋಡುತ್ತಿದ್ದರೆ ನಾನು ಸ್ವಲ್ಪ ಚೆನ್ನಾಗಿ ಪಶ್ಚಾತ್ತಾಪ ಪಡುತ್ತೇನೆ. ಹಾಸ್ಟೆಲ್ ಮೊಸರನ್ನದ ಪ್ರಕರಣದಿಂದಲೂ ನಿನಗದು ಗೊತ್ತು.

ಈಗ ಕೆಲಸದ ಮಾತು. ಗ್ರಿಫಿನ್ ಮುಂದಿನ ವರ್ಷ ಮೊದಲ ದಿನದಿಂದಲೇ ಪಿಟ್ಸ್‌ಬರ್ಗ್‌ನಲ್ಲಿ ಆಡಬೇಕು ಎನ್ನುತ್ತೀಯ ನೀನು. ಒಂದು ಮೆಟ್ಟಿಲು ಕೆಳಗಿನ ನಮ್ಮ ಇಂಡಿಯಾನಾಪೊಲಿಸ್ ತಂಡದಲ್ಲಿ ಇನ್ನಷ್ಟು ದಿನ ಬಲಿಯಲಿ ಎನ್ನುತ್ತೇನೆ ನಾನು, ಮುಷ್ಟಿಯನ್ನು ಬಿಚ್ಚಿಟ್ಟುಕೊಂಡೇ ಹೇಳುತ್ತಿದ್ದೇನೆ. ಕೆಲವು ವಾರ ತಡವಾಗಿ ಕರೆಸಿದರೆ ಹುಡುಗನ ಮೇಲೆ ಕ್ಲಬ್ಬಿಗೆ ಒಂದು ವರ್ಷದ ಹಕ್ಕು ಹೆಚ್ಚು ಉಳಿಯುತ್ತದೆ ಎಂಬ ಆ ಬನಿಯಾ ಲೆಕ್ಕ ನನಗೂ ಹಿಡಿಸುವುದಿಲ್ಲ. ಸ್ಕೀನ್ಸ್‌ನನ್ನು 2024ರ ಮೇ 11ರವರೆಗೆ ಕಾಯಿಸಿದರು. ಅವನು ವರ್ಷದ ಶ್ರೇಷ್ಠ ಹೊಸಬನೆಂಬ ಪ್ರಶಸ್ತಿ ಗೆದ್ದು ನಿಯಮದ ಪ್ರಕಾರವೇ ಪೂರ್ತಿ ವರ್ಷದ ಲೆಕ್ಕವನ್ನು ವಸೂಲಿ ಮಾಡಿಕೊಂಡ. ಲೆಕ್ಕ ಹಾಕಿದವರ ಮುಖ ಆ ದಿನ ಹೇಗಿತ್ತೋ ನೋಡಬೇಕಿತ್ತು.

2013ರ ಅಕ್ಟೋಬರ್ 1ರ ರಾತ್ರಿ ನೆನಪಾಗುತ್ತಿದೆ. ಪ್ಲೇಆಫ್ ಪಂದ್ಯಕ್ಕೆ ಟಿಕೆಟ್ ಸಿಗದೆ ನಾವಿಬ್ಬರೂ ಮೈದಾನದ ಪಕ್ಕದ ಕ್ಲೆಮೆಂಟೆ ಸೇತುವೆಯ ಮೇಲೆ ನಿಂತಿದ್ದೆವು. ಒಳಗಿನ ಜನರೆಲ್ಲ ಒಂದೇ ರಾಗದಲ್ಲಿ ಎದುರು ಪಿಚರ್‌ನ ಹೆಸರನ್ನು ಎಳೆದೆಳೆದು ಕೂಗುತ್ತಿದ್ದರು, ಅವನ ಕೈಯಿಂದ ಚೆಂಡು ಜಾರಿ ನೆಲಕ್ಕೆ ಬಿತ್ತು, ಅದರ ಮುಂದಿನ ಚೆಂಡನ್ನೇ ನಮ್ಮ ರಸೆಲ್ ಮಾರ್ಟಿನ್ ಹೋಮ್ ರನ್ ಹೊಡೆದ. ಒಳಗೆ ಏನಾಯಿತೆಂದು ನಮಗೆ ತಿಳಿದದ್ದು ಸದ್ದಿನಿಂದ. ಸತತ ಇಪ್ಪತ್ತು ವರ್ಷ ಸೋತ ಊರು ಆ ರಾತ್ರಿ ಕೂಗಿದ ಕೂಗಿನಲ್ಲಿ 'ನಾನು ಮೊದಲೇ ಹೇಳಿದ್ದೆ' ಎಂದವನು ಒಬ್ಬನೂ ಇದ್ದಿರಲಾರ. ನೀನು ಯಾರೋ ಅಪರಿಚಿತ ಪೊಲೀಸನನ್ನು ತಬ್ಬಿಕೊಂಡೆ. ಅವನು ಏನೆಂದನೆಂಬುದನ್ನು ಇಲ್ಲಿ ಬರೆಯುವಂತಿಲ್ಲ.

ದೋಸೆಯ ಸಾಲವನ್ನು ನಾನು ಮನ್ನಾ ಮಾಡುವುದಿಲ್ಲ, ಪಶ್ಚಾತ್ತಾಪಕ್ಕೂ ಬೆಣ್ಣೆಗೂ ಸಂಬಂಧವಿಲ್ಲ. ಹೊಸ ವರ್ಷಕ್ಕೆ ಹೊಸ ಪಣ: ಹೆನ್ರಿ ಡೇವಿಸ್ .220 ದಾಟುತ್ತಾನೆ ಎಂದು ಈ ಸಲ ನಾನು ಕಟ್ಟುತ್ತಿದ್ದೇನೆ, ಎರಡು ಪ್ಲೇಟ್ ಇಡ್ಲಿ. ನನ್ನ ತಲೆ ಸರಿಯಿದೆಯೇ ಎಂದು ಕೇಳಬೇಡ. ಕುಕ್ಕರಿನ ಗ್ಯಾಸ್ಕೆಟ್ ಹೋಗಿ ಎರಡು ವರ್ಷವಾಯಿತು, ಮುಚ್ಚಳದ ಸುತ್ತ ಹಬೆ ಹಾಯುತ್ತದೆ. ಬರುವಾಗ ದೇವರಾಜ ಮಾರುಕಟ್ಟೆಯ ಕಡೆಯಿಂದ ಐದು ಲೀಟರಿನದೊಂದು ತಂದುಕೊಡು. ಬರುವಾಗ ಎಂದರೆ, ಬಂದು ಹೋಗಲು ಬಂದಾಗ.

ನಿನ್ನ,
ಛತ್ರಿ ಕಳೆದುಕೊಂಡವನು