ಅಪ್ಪ ಮನೆಗೆ ಬಂದರು, ಎಲ್ಲರಿಗೂ ನಮಸ್ಕಾರ

ಬಯಾಪ್ಸಿ ರಿಪೋರ್ಟ್ ಬಂತು. ಅಪ್ಪನ ಕಿಡ್ನಿಯಲ್ಲಿದ್ದ ಕ್ಯಾನ್ಸರ್ ಗಡ್ಡೆ ಪೂರ್ತಿ ಹೊರಬಂದಿದೆ, ಕತ್ತರಿಸಿದ ಅಂಚಿನಲ್ಲಿ ಏನೂ ಉಳಿದಿಲ್ಲ. ಕೀಮೋ ಬೇಡ ಅಂದಿದ್ದಾರೆ. ಆಪರೇಷನ್ ರೋಬೋಟ್ ಸಹಾಯದಿಂದ ಮಾಡಿದ್ದು, ಹಾಗಾಗಿ ಫೋನ್ ಮಾಡಿದವರೆಲ್ಲ ಕೇಳುತ್ತಿರುವುದು ಮಾತ್ರ ರೋಬೋಟ್ ಬಗ್ಗೆ!

ರೋಬೋಟ್ ತಾನಾಗಿ ಏನೂ ಮಾಡಲ್ಲ. ಡಾಕ್ಟರು ಅದೇ ಥಿಯೇಟರಿನಲ್ಲಿ ಕನ್ಸೋಲ್ ಮುಂದೆ ಕೂತು ಕೈಯಾಡಿಸಿದ ಹಾಗೆ ಒಳಗಿನ ಸಲಕರಣೆ ತಿರುಗುತ್ತದೆ, ಅಷ್ಟೆ. ಕಷ್ಟ ಇದ್ದದ್ದು ಅಪ್ಪನ ಕಿಡ್ನಿಯಲ್ಲೇ. ಹುಟ್ಟಿನಿಂದಲೇ ಅದು ಕುದುರೆ ಲಾಳದ ಆಕಾರ. ಎರಡೂ ಕಿಡ್ನಿ ಕೆಳತುದಿಯಲ್ಲಿ ಕೂಡಿಕೊಂಡಿವೆ. ಸುಮಾರು 500 ಜನರಲ್ಲಿ ಒಬ್ಬರಿಗೆ ಹೀಗಿರುತ್ತದಂತೆ, ಎಷ್ಟೋ ಜನಕ್ಕೆ ಗೊತ್ತೇ ಆಗಲ್ಲ. ಗರ್ಭದಲ್ಲಿ ಮೇಲಕ್ಕೆ ಸರಿಯಬೇಕಾದ ಕಿಡ್ನಿ ಕರುಳಿನ ರಕ್ತನಾಳಕ್ಕೆ ತಡೆದು ಕೆಳಗೇ ನಿಂತುಬಿಡುತ್ತದೆ. ಅದಕ್ಕೆ ರಕ್ತ ತರುವ ನಾಳಗಳೂ ಎಲ್ಲೆಲ್ಲಿಂದಲೋ ಬಂದು ಸೇರುತ್ತವೆ.

ಅದಕ್ಕೇ ನನ್ನ ಮೊದಲ ನಮಸ್ಕಾರ ಸಿಟಿ ಆಂಜಿಯೋ, ಅಂದರೆ ರಕ್ತನಾಳಗಳನ್ನು ತೋರಿಸುವ ಸ್ಕ್ಯಾನ್, ನೋಡಿದ ರೇಡಿಯಾಲಜಿ ಮೇಡಂಗೆ. ಬಿಲ್ಲಿನಲ್ಲಿ ಒಂದು ಸಾಲು, ಅವರ ಹೆಸರನ್ನು ಯಾರೂ ಕೇಳಲ್ಲ. ನಮ್ಮನ್ನು ಪಕ್ಕದಲ್ಲಿ ಕೂರಿಸಿಕೊಂಡು, ಚಿತ್ರ ತಿರುಗಿಸುತ್ತಾ, ಪೆನ್ನಿನ ತುದಿಯಲ್ಲಿ ಒಂದೊಂದೇ ನಾಳ ತೋರಿಸಿದರು. ಸಾಮಾನ್ಯವಾಗಿ ಒಂದಿರುವ ಕಡೆ ಅಪ್ಪನ ಎಡಗಡೆಗೇ ಮೂರು. ಬಿಎಂಟಿಸಿಯಲ್ಲಿ ಡ್ರೈವರ್ ಆಗಿ ರಿಟೈರ್ ಆದ ಅಪ್ಪ, "ನನ್ನ ಹೊಟ್ಟೆ ಮೆಜೆಸ್ಟಿಕ್ ಥರ ಇದೆಯಲ್ಲಮ್ಮಾ" ಅಂದರು. ಮೇಡಂ ನಕ್ಕು, ಕಾಲಿಗೆ ಹೋಗುವ ನಾಳದಿಂದ ಕವಲೊಡೆದ ಸಣ್ಣದೊಂದನ್ನು ತೋರಿಸಿದರು. ಗಡ್ಡೆಗೆ ರಕ್ತ ಕೊಡುತ್ತಿದ್ದದ್ದು ಅದೇ.

ಆಪರೇಷನ್ನಿನಲ್ಲಿ ಆ ಒಂದಕ್ಕೇ ಕ್ಲಿಪ್ ಹಾಕಿ ರಕ್ತ ತಡೆದು, ಐಸಿಜಿ ಅನ್ನುವ ಹೊಳೆಯುವ ಬಣ್ಣದ ಔಷಧಿ ರಕ್ತಕ್ಕೆ ಬಿಟ್ಟರಂತೆ. ವಿಶೇಷ ಕ್ಯಾಮೆರಾದಲ್ಲಿ ಕಿಡ್ನಿ ಪೂರ್ತಿ ಹಸಿರಾಗಿ ಹೊಳೆದು, ಗಡ್ಡೆ ಇದ್ದ ಭಾಗ ಮಾತ್ರ ಕಪ್ಪಾಗಿ ಕಂಡಿತಂತೆ. ಅಷ್ಟನ್ನೇ ತೆಗೆದರು. ಉಳಿದ ಕಿಡ್ನಿಗೆ ರಕ್ತ ನಿಲ್ಲಿಸುವ ಪ್ರಮೇಯವೇ ಬರಲಿಲ್ಲ.

ಇದನ್ನೆಲ್ಲ ಬಿಡಿಸಿ ಹೇಳಿದ, "ಒಳಗೆ ಹೋದಮೇಲೆ ಕಷ್ಟ ಅನ್ನಿಸಿದರೆ ಹೊಟ್ಟೆ ಕೊಯ್ದೇ ಮಾಡ್ತೀನಿ, ಹಟ ಮಾಡಲ್ಲ" ಅಂತ ಮೊದಲೇ ಹೇಳಿದ್ದ ಸರ್ಜನ್‌ಗೆ ಶರಣು. ಖರ್ಚು ಕಮ್ಮಿಯೇನಲ್ಲ, ಅಡ್ವಾನ್ಸ್‌ಗೆ ಚೀಟಿ ಎತ್ತಿಕೊಟ್ಟ ಅತ್ತೆಗೆ, ಬೆಳಗ್ಗೆ ಆರಕ್ಕೇ ಬ್ಲಡ್ ಬ್ಯಾಂಕಿನ ಮುಂದೆ ನಿಂತ ಡಿಪೋ ಗೆಳೆಯರಿಗೆ, ರಾತ್ರಿಪಾಳಿಯ ಸಿಸ್ಟರ್‌ಗಳಿಗೆ, ಶ್ರೀನಗರದಿಂದ ದಿನಾ ಗಂಜಿ ತಂದ ಎದುರುಮನೆ ಆಂಟಿಗೆ ಏನು ಹೇಳಿದರೂ ಕಮ್ಮಿ.

ಮುಂದೆ ಆಗಾಗ ಸ್ಕ್ಯಾನ್ ಇದೆ. ಆ ಮೇಡಮ್ಮೇ ನೋಡಬೇಕು ಅಂತ ಅಪ್ಪ ಈಗಲೇ ಹಟ ಹಿಡಿದಿದ್ದಾರೆ.